ಕಿರೀಟ ಮನೆಯಲ್ಲಿದ್ದ ವಾರ

ಬೆಳಿಗ್ಗೆ ಎದ್ದಾಗಿನಿಂದ ಲುಸಿಂಡಾ ಫುರ್ಟಾಡೊ ತಾನು ಎಲ್ಲಿ ಸುಳ್ಳು ಹೇಳಿರಬಹುದು ಎಂದು ಹುಡುಕುತ್ತಿದ್ದಳು. ಹಲ್ಲುಜ್ಜುವಾಗ ಒಂದು ಸಿಕ್ಕಿತು. ಒಂಬತ್ತು ವರ್ಷದ ಹಿಂದೆ ಬಾಡಿಗೆಗಿದ್ದ ಕೋಣೆಯಲ್ಲಿ ಜುಲೈವರೆಗೆ ಇದ್ದೆ ಎಂದು ನೌಕಾಪಡೆಯ ಕೆಲಸದ ಅರ್ಜಿಯಲ್ಲಿ ಬರೆದಿದ್ದಳು. ನಿಜವಾಗಿ ಜೂನ್ ಕೊನೆಯ ಭಾನುವಾರವೇ ಮಂಚ, ಕುರ್ಚಿ ಹೊತ್ತುಕೊಂಡು ಅಜ್ಜಿಯ ಮನೆಗೆ ಮರಳಿದ್ದಳು. ಕಾಫಿಗೆ ಹಾಲು ಸುರಿಯುವಾಗ ಇನ್ನೊಂದು ಸಿಕ್ಕಿತು. ವಿದೇಶದಲ್ಲಿರುವ ಬಂಧುಗಳು ಎಂಬಲ್ಲಿ ಅರವತ್ತೊಂದು ಹೆಸರು ತುಂಬಿಸಿ ಕೊಟ್ಟಿದ್ದಳು. ಆಮೇಲೆ ಪೋರ್ಚುಗಲ್ಲಿನ ಸಾವ್ ಮಿಗೆಲ್ ದ್ವೀಪದಲ್ಲಿ ಅರವತ್ತೆರಡನೆಯ ಕೂಸು ಹುಟ್ಟಿ ನಾಲ್ಕು ತಿಂಗಳಾಗಿತ್ತು, ಇವಳು ತಿಳಿಸಿರಲಿಲ್ಲ. ಆ ಕೂಸಿನಿಂದ ಅಮೆರಿಕದ ನೌಕಾಪಡೆಗೆ ಯಾವ ಅಪಾಯವೋ ಅವಳಿಗೆ ಗೊತ್ತಿರಲಿಲ್ಲ, ಆದರೂ ಅದರ ಹೆಸರನ್ನು ಕೈಯ ಮೇಲೆ ಬರೆದುಕೊಂಡಳು. ಕನ್ನಡಿಯಲ್ಲಿ ತನ್ನ ಮುಖ ನೋಡಿ, ಮೂವತ್ತೇಳು ವರ್ಷದ ಗೂಢಚಾರಿಣಿ, ಎಡಗೆನ್ನೆಯ ಮೇಲೆ ಟೂತ್‌ಪೇಸ್ಟ್, ಅಂದುಕೊಂಡು ನಕ್ಕಳು. ನಗು ಬಂದದ್ದೂ ತಪ್ಪಿತಸ್ಥರ ಲಕ್ಷಣವೇ ಇರಬಹುದು ಎನಿಸಿತು.

ಹಿಂದಿನ ಸಂಜೆ ಹ್ಯಾಸ್ಕಿನ್ಸ್ ಫೋನ್ ಮಾಡಿದ್ದ. ನಿವೃತ್ತ ಪೊಲೀಸ್, ಈಗ ಸರ್ಕಾರದ ಪರವಾಗಿ ಇಂಥ ಕೆಲಸಕ್ಕೆ ಅರ್ಜಿ ಹಾಕಿದವರ ಹಿನ್ನೆಲೆ ವಿಚಾರಿಸಿ ವರದಿ ಬರೆಯುವುದೇ ಅವನ ಕಸುಬು. ಮೊದಲ ಸಲ ಭೇಟಿಯಾದಾಗ ಮೂರು ಗಂಟೆ ಕೂರಿಸಿಕೊಂಡು, ಹಳೆಯ ಶಾಲೆಯ ಮೇಷ್ಟರ ಹಾಗೆ ತಲೆಯಾಡಿಸುತ್ತಾ ಕೇಳಿಸಿಕೊಂಡಿದ್ದ. ಈ ಸಲ ಅವನ ದನಿಯಲ್ಲಿ ಏನೋ ಮುಜುಗರವಿತ್ತು. "ಮಿಸ್ ಫುರ್ಟಾಡೊ, ನೀವು ಬರ್ಕೊಟ್ಟಿದ್ದಕ್ಕೂ ಬೇರೆಯವರು ಹೇಳಿದ್ದಕ್ಕೂ ಸ್ವಲ್ಪ ತಾಳೆ ಆಗ್ತಿಲ್ಲ. ನಾಳೆ ಸಂಜೆ ನಾಲ್ಕಕ್ಕೆ ಮನೆಗೇ ಬಂದುಬಿಡ್ತೀನಿ," ಎಂದಿದ್ದ. ಏನು ತಾಳೆ ಆಗ್ತಿಲ್ಲ ಎಂದು ಅವಳು ಕೇಳುವಷ್ಟರಲ್ಲಿ ಫೋನ್ ಇಟ್ಟಿದ್ದ. ಕೊಲ್ಲಿಯಾಚೆಯ ನೌಕಾಪಡೆಯ ಪ್ರಯೋಗಾಲಯದಲ್ಲಿ ಅವಳಿಗೆ ಕೆಲಸ ಸಿಕ್ಕಿ ಹನ್ನೊಂದು ತಿಂಗಳಾಗಿತ್ತು, ಕೆಲಸ ಶುರುವಾಗಿರಲಿಲ್ಲ. ಸಮುದ್ರದ ತಳದ ಸದ್ದು ಕೇಳುವ ಯಂತ್ರಗಳ ತಂತಿ ಬೆಸೆಯುವುದರಲ್ಲಿ ಅವಳದು ಎತ್ತಿದ ಕೈ. ಆದರೆ ಭದ್ರತಾ ಅನುಮತಿ ಬರುವ ತನಕ ನಿಜವಾದ ಯಂತ್ರದ ಹತ್ತಿರ ಸುಳಿಯುವಂತಿಲ್ಲ. ಹೊರಗಿನ ಶೆಡ್ಡಿನಲ್ಲಿ ಕೂತು ಹಳೆಯ ತಂತಿಗಳನ್ನು ಬೆಸೆಯುವುದು, ಕತ್ತರಿಸುವುದು, ಮತ್ತೆ ಬೆಸೆಯುವುದು. ಯಾವುದಾದರೂ ಕಾರಣಕ್ಕೆ ಒಳಗೆ ಕಾಲಿಟ್ಟರೆ ಚಾವಣಿಯ ಕೆಂಪು ದೀಪ ಗಿರಗಿರ ತಿರುಗುತ್ತದೆ. ಕೂತವರೆಲ್ಲ ಪರದೆ ಆರಿಸಿ, ಕಾಗದ ಮಗುಚಿಟ್ಟು, ಅವಳು ದಾಟಿ ಹೋಗುವವರೆಗೆ ಗೋಡೆ ನೋಡುತ್ತಾರೆ. ಶೌಚಾಲಯಕ್ಕೂ ಬ್ರೆಂಡಾ ಎಂಬ ಗುಮಾಸ್ತೆ ಬೆಂಗಾವಲಿಗೆ ಬಂದು ಬಾಗಿಲ ಹೊರಗೆ ನಿಲ್ಲಬೇಕು. ಬ್ರೆಂಡಾ ಒಳ್ಳೆಯವಳು, ಹೊರಗೆ ನಿಂತು ಹಾಡು ಗುನುಗುತ್ತಾಳೆ. ಲುಸಿಂಡಾ ಮಾತ್ರ ಈ ಹನ್ನೊಂದು ತಿಂಗಳಲ್ಲಿ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದಳು. ಜೂನ್ ಕೊನೆಯೊಳಗೆ ಅನುಮತಿ ಬರದಿದ್ದರೆ ಜಾಗವನ್ನು ಇನ್ನೊಬ್ಬರಿಗೆ ಕೊಡಬೇಕಾಗುತ್ತದೆ ಎಂದು ಮೇಲಿನವರು ಕಾಗದ ಕೊಟ್ಟಿದ್ದರು.

ಈ ಎಲ್ಲ ಪೀಕಲಾಟಕ್ಕೆ ಮೂಲ ಅವಳ ಎರಡನೆಯ ಪಾಸ್‌ಪೋರ್ಟು. ಹುಟ್ಟಿದ್ದು ಅಮೆರಿಕದ ಇದೇ ಫಾಲ್ ರಿವರ್ ಊರಿನಲ್ಲಿ, ಇದೇ ಮರದ ಮೂರಂತಸ್ತಿನ ಮನೆಯ ನಡುವಿನ ಅಂತಸ್ತಿನಲ್ಲಿ. ಹತ್ತೊಂಬತ್ತು ತುಂಬಿದ ವರ್ಷ ಅಜ್ಜಿ ಅವಳನ್ನು ಪೋರ್ಚುಗಲ್ ದೂತಾವಾಸಕ್ಕೆ ಎಳೆದುಕೊಂಡು ಹೋಗಿ ಹೆಸರು ಬರೆಸಿದ್ದಳು. "ನಿಮ್ಮಪ್ಪನ್ನ ಬರೆಸಿದೀನಿ, ನಿನ್ನ ಬರೆಸದೆ ಬಿಟ್ರೆ ದೇವರು ಕೇಳಲ್ವಾ?" ಎಂಬುದಷ್ಟೇ ಕಾರಣ. ಕ್ಯೂನಲ್ಲಿ ಎರಡು ಗಂಟೆ ನಿಂತು, ಅಜ್ಜಿಯ ಗೊಣಗಾಟ ನಿಂತರೆ ಸಾಕು ಎಂದು ಲುಸಿಂಡಾ ಸಹಿ ಹಾಕಿದ್ದಳು. ಅಷ್ಟು ಹಗುರಾಗಿ ಒಂದು ದೇಶದ ಪ್ರಜೆಯಾಗಬಹುದೆಂದು ಆಮೇಲೆ ಎಷ್ಟೋ ಸಲ ಆಶ್ಚರ್ಯಪಟ್ಟಿದ್ದಳು. ಅರ್ಜಿಯಲ್ಲಿ ಇದನ್ನೆಲ್ಲ ಮುಚ್ಚಿಟ್ಟಿರಲಿಲ್ಲ. ಆ ಪಾಸ್‌ಪೋರ್ಟನ್ನು ಎಲ್ಲಿ ಎಷ್ಟು ಸಲ ಬಳಸಿದೆ ಎಂದು ಕೇಳಿದ್ದಕ್ಕೆ ಒಂದೇ ಸಲ ಎಂದು ತಾರೀಖಿನ ಸಮೇತ ಬರೆದಿದ್ದಳು. ಐದು ವರ್ಷದ ಹಿಂದೆ, ದ್ವೀಪದ ವಿಮಾನ ನಿಲ್ದಾಣ, ಅಜ್ಜಿ ಗಾಲಿಕುರ್ಚಿಯಲ್ಲಿ. ಎರಡು ಸಾಲುಗಳಿದ್ದವು. ವಿದೇಶಿಯರ ಸಾಲು ಬಾಗಿಲಾಚೆಗೂ ಹಬ್ಬಿತ್ತು. ಪೋರ್ಚುಗಲ್ ಪ್ರಜೆಗಳ ಇನ್ನೊಂದರಲ್ಲಿ ನಾಲ್ಕೇ ಜನ. ಅಜ್ಜಿಗೆ ಅವಸರವಾಗಿದೆ ಎಂದು ಇವಳು ಆ ಸಾಲಿಗೆ ನುಗ್ಗಿದ್ದಳು. ಗಾಜಿನ ಹಿಂದಿದ್ದ ಅಧಿಕಾರಿ, ಮೀಸೆ ಚಿಗುರಿದ್ದ ಹುಡುಗ, ಪಾಸ್‌ಪೋರ್ಟು ಹಿಂತಿರುಗಿಸುತ್ತಾ, "ಮನೆಗೆ ಬಂದ್ರಿ, ಒಳ್ಳೇದಾಯ್ತು," ಎಂದಿದ್ದ. ಯಾವತ್ತೂ ಕಾಲಿಡದ ಊರು ಅದು. ಆದರೂ ಅವಳಿಗೆ ಒಳಗೊಳಗೇ ಎಂಥ ಖುಷಿಯಾಗಿತ್ತೆಂದರೆ, ಗಾಲಿಕುರ್ಚಿ ತಳ್ಳುತ್ತಾ ತಪ್ಪು ಬಾಗಿಲಿಗೆ ಹೋಗಿ, ಸಾಮಾನು ಸಾಗಿಸುವವರ ಗೋದಾಮಿನಲ್ಲಿ ಹೊರಬಿದ್ದಿದ್ದಳು. ಅರ್ಜಿಯಲ್ಲಿ ತಾರೀಖಿಗೆ ಜಾಗವಿತ್ತು, ಖುಷಿಗೆ ಇರಲಿಲ್ಲ. ಈಗ ಅವಳ ಮನಸ್ಸಿನಲ್ಲಿ ಕೊರೆಯುತ್ತಿದ್ದುದು ಆ ಖುಷಿ. ಪರದೇಶದ ಕಡೆ ಒಲವು ಇದೆಯೇ ಎಂಬುದು ಇಂಥ ವಿಚಾರಣೆಯ ಮುಖ್ಯ ಪ್ರಶ್ನೆ ಎಂದು ಅವಳು ಓದಿಕೊಂಡಿದ್ದಳು. ಒಲವಿಲ್ಲದಿದ್ದರೆ ಗೋದಾಮಿನಲ್ಲಿ ಯಾಕೆ ಹೊರಬೀಳುತ್ತಿದ್ದಳು?

"ಏನೇ, ಸೌಟು ಹಿಡ್ಕೊಂಡು ನಿದ್ದೆ ಮಾಡ್ತಿದೀಯಾ?" ಎಂದಳು ವವೋ. ಅಜ್ಜಿಯನ್ನು ಅವರೆಲ್ಲ ಕರೆಯುವುದು ಹಾಗೆಯೇ. ಎಂಬತ್ತೆಂಟರ ಇಡಾಲಿನಾ ಫುರ್ಟಾಡೊ ಈ ವಾರ ಬೀದಿಗೆಲ್ಲ ರಾಣಿ. ಈಸ್ಟರ್ ಕಳೆದ ಮೇಲಿನ ಏಳು ವಾರ ಪವಿತ್ರಾತ್ಮನ ಬೆಳ್ಳಿ ಕಿರೀಟ ಏಳು ಮನೆಗಳಲ್ಲಿ ತಂಗುತ್ತದೆ. ಚೀಟಿಯಲ್ಲಿ ಈ ಸಲ ಆರನೆಯ ವಾರ ಅವಳದ್ದಾಗಿತ್ತು, ಇಪ್ಪತ್ತು ವರ್ಷ ಕಾದ ಮೇಲೆ. ಹೊರಕೋಣೆಯ ಸೋಫಾ ಟೀವಿಗಳನ್ನೆಲ್ಲ ಮಲಗುವ ಕೋಣೆಗೆ ತುರುಕಿ, ಗೋಡೆಗೆ ಬಿಳಿ ಪರದೆ ಇಳಿಬಿಟ್ಟು, ಕಾಗದದ ಹೂ, ನಿಜವಾದ ಹೂ, ದೀಪದ ಸರಗಳ ನಡುವೆ ಕಿರೀಟವನ್ನು ಕೆಂಪು ಮಖಮಲ್ಲಿನ ದಿಂಬಿನ ಮೇಲೆ ಕೂರಿಸಿದ್ದರು. ಸಂಜೆ ಐದಕ್ಕೆ ಬೀದಿಯವರೆಲ್ಲ ಬಂದು ಜಪಮಾಲೆ ಹೇಳಬೇಕು, ಹೇಳಿದವರಿಗೆಲ್ಲ ಊಟ ಹಾಕಬೇಕು. ಇವತ್ತು ಶನಿವಾರ, ಮಾಂಸದ ಸೂಪಿನ ದಿನ. ನಲವತ್ತು ಜನರ ಹಂಡೆ ಒಲೆಯ ಮೇಲಿತ್ತು, ತಳ ಹತ್ತದಂತೆ ಕೈಯಾಡಿಸುವ ಹೊಣೆ ಲುಸಿಂಡಾಳದು.

"ನಾಲ್ಕಕ್ಕೆ ಆ ಸರ್ಕಾರದವರು ಬರ್ತಾರೆ ವವೋ. ಎಲ್ಲಿ ಕೂರಿಸೋದು? ಕುರ್ಚಿ ಇರೋದು ಕಿರೀಟದ ಕೋಣೇಲಿ ಮಾತ್ರ."

"ಅಲ್ಲೇ ಕೂರ್ಲಿ. ಕಿರೀಟ ಇರೋ ಮನೆಗೆ ಬಂದೋರು ಯಾರಾದ್ರೂ ನೆಂಟರೇ. ಎರಡು ಸೌಟು ಜಾಸ್ತಿ ಹಾಕು."

"ಅವರು ನಮ್ಮನೇಲಿ ಏನೂ ತಿನ್ನೋ ಹಾಗಿಲ್ಲ. ಕಾನೂನು."

"ಹಸ್ಕೊಂಡಿರ್ಬೇಕು ಅಂತ ಕಾನೂನಾ? ಇದೆಂಥ ಸರ್ಕಾರವೇ!" ವವೋ ಮೂಗು ಮುರಿದಳು.

ಎಲೆಕೋಸು ತರಲು ಲುಸಿಂಡಾ ಕೆಳಗಿಳಿದಳು. ಮೆಟ್ಟಿಲ ಹದಿಮೂರನೆಯ ಹಲಗೆ ಈಗಲೂ ಕಿರುಗುಟ್ಟುತ್ತದೆ; ಆರು ವರ್ಷದವಳಿದ್ದಾಗಲೂ ಕಿರುಗುಟ್ಟುತ್ತಿತ್ತು. ಆಗ ಒಂದು ದಿನ ಅದರ ಮೇಲೆ ಕೂತು ಅವಳು ಬೂಟಿನ ಲಾಡಿ ಕಟ್ಟಿಕೊಳ್ಳುತ್ತಿದ್ದಾಗ ಬೂದು ಕೋಟಿನವನು ಬಾಗಿಲಲ್ಲಿ ನಿಂತಿದ್ದ. ಲಾಡಿಯ ಎರಡು ಕಿವಿಗಳಲ್ಲಿ ಒಂದು ದೊಡ್ಡದಾಗಿತ್ತು. ಸೆರಾಫಿಮ್ ಅನ್ನೋರು ಇಲ್ಲಿರ್ತಾರಾ ಪುಟ್ಟಿ, ಎಂದು ಕೇಳಿದ್ದ. ಆ ವಾರ ಶಾಲೆಯಲ್ಲಿ ಟೀಚರು ಅಧಿಕಾರಿಗಳೆಲ್ಲ ನಮ್ಮ ಸಹಾಯಕರು, ಅವರು ಕೇಳಿದ್ದಕ್ಕೆ ಸ್ಪಷ್ಟವಾಗಿ ನಿಜ ಹೇಳಬೇಕು ಎಂದು ಕಲಿಸಿದ್ದರು. ಅವಳು ಸ್ಪಷ್ಟವಾಗಿ ಹೇಳಿದಳು. ಹೌದು, ಕೆಳಗಿನ ಮನೆ, ಜುಲ್ಮಿರಾ ಆಂಟಿಯ ಗಂಡ, ಈಗ ಹಿತ್ತಲಲ್ಲಿ ದ್ರಾಕ್ಷಿ ಬಳ್ಳಿ ಕಟ್ತಿದಾರೆ, ಬನ್ನಿ ತೋರಿಸ್ತೀನಿ. ನಿನ್ನ ಇಂಗ್ಲಿಷ್ ಎಷ್ಟು ಚೆನ್ನಾಗಿದೆ, ಎಂದಿದ್ದ ಕೋಟಿನವನು. ಆ ಮೆಚ್ಚುಗೆಗೆ ಅವಳ ಕಿವಿ ಬಿಸಿಯಾಗಿತ್ತು. ಅವನ ಕೈ ಹಿಡಿದು ತಾನೇ ಹಿತ್ತಲಿಗೆ ಕರೆದೊಯ್ದಿದ್ದಳು. ಸೆರಾಫಿಮ್‌ನ ಕಾಗದಪತ್ರ ಸರಿಯಿರಲಿಲ್ಲ ಎಂಬುದು ಬೀದಿಗೆಲ್ಲ ಗೊತ್ತಿತ್ತು, ಆರು ವರ್ಷದವರಿಗೆ ಬಿಟ್ಟು. ಕೈಯಲ್ಲಿ ಹುರಿಯ ಉಂಡೆ ಹಿಡಿದೇ ಅವನು ವಲಸೆ ಇಲಾಖೆಯ ಕಾರು ಹತ್ತಿದ. ಹತ್ತುವಾಗ ಅವಳಿಗೆ ಕಣ್ಣು ಹೊಡೆದ. ಜುಲ್ಮಿರಾ ಪರದೆ ಕಾರ್ಖಾನೆಯಲ್ಲಿದ್ದಳು, ವವೋ ಮಾರುಕಟ್ಟೆಯಲ್ಲಿ, ಯಾರೂ ನೋಡಲಿಲ್ಲ. ಎರಡು ತಿಂಗಳಲ್ಲಿ ಅವನನ್ನು ದ್ವೀಪಕ್ಕೆ ವಾಪಸು ಕಳಿಸಿದರು. ಮೂವತ್ತೊಂದು ವರ್ಷ. ಲುಸಿಂಡಾ ಅದನ್ನು ಯಾರಿಗೂ ಹೇಳಿರಲಿಲ್ಲ.

ಜುಲ್ಮಿರಾ ಬಾಗಿಲಲ್ಲೇ ಸ್ಟೂಲು ಹಾಕಿಕೊಂಡು ಕೂತು ಎಲೆಕೋಸು ಹೆಚ್ಚುತ್ತಿದ್ದಳು. ಮಗ್ಗಗಳ ಸದ್ದಿನಲ್ಲಿ ಬದುಕು ಕಳೆದು ಕಿವಿ ಸ್ವಲ್ಪ ಮಂದ, ಹಾಗಾಗಿ ಗುಟ್ಟನ್ನೂ ಬೀದಿಗೆ ಕೇಳುವಂತೆ ಹೇಳುತ್ತಾಳೆ. ವರ್ಷಕ್ಕೆ ಹತ್ತು ತಿಂಗಳು ಮಕ್ಕಳು ಮೊಮ್ಮಕ್ಕಳ ಜೊತೆ ಇಲ್ಲಿ, ಎರಡು ತಿಂಗಳು ಗಂಡನ ಜೊತೆ ಅಲ್ಲಿ. ಅವನೋ ಹನ್ನೆರಡು ಹಸು ಕಟ್ಟಿಕೊಂಡು ಬೊಜ್ಜು ಬೆಳೆಸಿಕೊಂಡಿದ್ದ, ಈಗ ಬಾ ಎಂದರೂ ಬರುವವನಲ್ಲ. "ನಾವಿಬ್ರೂ ಜಗಳವೇ ಆಡಿಲ್ಲ," ಎಂದು ಅವಳು ಎಲ್ಲರಿಗೂ ಹೇಳುತ್ತಿದ್ದಳು, "ಆಡೋಕೆ ಟೈಮ್ ಎಲ್ಲಿದೆ?" ಅವಳು ಹೀಗೆ ನಕ್ಕಾಗಲೆಲ್ಲ ಲುಸಿಂಡಾ ಜೊತೆಗೆ ನಗುತ್ತಿದ್ದಳು, ನಗುತ್ತಲೇ ಹತ್ತು ತಿಂಗಳುಗಳನ್ನು ಮೂವತ್ತೊಂದರಿಂದ ಗುಣಿಸುತ್ತಿದ್ದಳು.

"ಬಾ ಮಗಳೇ. ಮುಖ ಯಾಕೆ ಹಾಗೆ ಇಳಿಬಿಟ್ಟಿದೀಯಾ?"

"ಆ ಹ್ಯಾಸ್ಕಿನ್ಸ್ ಮತ್ತೆ ಬರ್ತಿದಾರೆ ತಿಯಾ. ಏನೋ ತಾಳೆ ಆಗ್ತಿಲ್ಲವಂತೆ," ಎಂದಳು ಲುಸಿಂಡಾ. ಆಂಟಿ ಎನ್ನುವುದಕ್ಕೆ ಅವರ ಭಾಷೆಯಲ್ಲಿ ತಿಯಾ.

"ಯಾರು, ಆ ಉದ್ದ ಮೂಗಿನೋನಾ? ತಲೆ ಕೆಡಿಸ್ಕೋಬೇಡ. ಅವನ ಕಥೆ ನಾನು ಆವತ್ತೇ ಮುಗಿಸಿದೀನಿ." ಜುಲ್ಮಿರಾ ಚಾಕು ಕೆಳಗಿಟ್ಟು ಸೆರಗಿನಂತಿದ್ದ ಏಪ್ರನ್ನಿಗೆ ಕೈ ಒರೆಸಿಕೊಂಡಳು. "ಬಿಲ್ಲೆ ತೋರಿಸ್ದ, ಪುಸ್ತಕ ತೆಗೆದ. ಲುಸಿಂಡಾಗೆ ಪೋರ್ಚುಗಲ್ ಪಾಸ್‌ಪೋರ್ಟ್ ಇದ್ಯಾ ಅಂದ. ಎಂಥ ಪಾಸ್‌ಪೋರ್ಟು ಸ್ವಾಮೀ, ಆ ಹುಡುಗಿಗೆ ಪೋರ್ಚುಗಲ್ ಯಾವ ದಿಕ್ಕಲ್ಲಿದೆ ಅಂತ್ಲೂ ಗೊತ್ತಿಲ್ಲ ಅಂದೆ. ಅಲ್ಲಿಗೆ ಹೋಗಿದಾರಾ ಅಂದ. ಕಾಲಿಟ್ಟಿಲ್ಲ ಅಂದೆ. ನಮ್ಮ ಭಾಷೆ ಬರತ್ತಾ ಅಂದ. ಒಂದಕ್ಷರ ಬರಲ್ಲ, ಸಾರ್ಡೀನ್ ಮೀನು ಕಂಡ್ರೆ ವಾಂತಿ ಮಾಡ್ಕೋತಾಳೆ ಅಂದೆ!"

ಲುಸಿಂಡಾ ಮೆಟ್ಟಿಲ ಮೇಲೆ ಕುಸಿದು ಕೂತಳು. "ತಿಯಾ... ಅದೆಲ್ಲ ನಾನೇ ಬರ್ದು ಕೊಟ್ಟಿದ್ದೆ. ಪಾಸ್‌ಪೋರ್ಟ್ ಇದೆ ಅಂತ, ಹೋಗಿದ್ದೆ ಅಂತ, ಭಾಷೆ ಬರುತ್ತೆ ಅಂತ."

"ಅಯ್ಯೋ, ನೀನ್ಯಾಕೆ ಬರ್ದೆ?"

"ನಿಜ ಅಂತ ಬರ್ದೆ!"

"ಸರ್ಕಾರದೋರಿಗೆ ನಿಜ ಹೇಳ್ತಾರೇನೇ ಯಾರಾದ್ರೂ?" ಜುಲ್ಮಿರಾಗೆ ನಿಜಕ್ಕೂ ಆಶ್ಚರ್ಯವಾಗಿತ್ತು. "ನಾನೊಬ್ಳೇ ಅಲ್ಲ. ಅವನು ನನ್ನನ್ನ ಬಿಟ್ಟು ಆಚೆ ಹೋದ ತಕ್ಷಣ ಫೋನ್ ಮಾಡ್ದೆ. ಬೇಕರಿಯೋರು, ಮೇಲಿನ ಮನೆಯೋರು, ಎದುರು ಮನೆಯೋರು... ಏಳು ಜನಾನೂ ಒಂದೇ ಮಾತು ಹೇಳಿದಾರೆ. ಅಕ್ಷರ ಆಚೀಚೆ ಆಗಿಲ್ಲ."

ಏಳು ಜನ, ಏಳು ಸಲ ಸಾರ್ಡೀನು. ಲುಸಿಂಡಾಗೆ ಹ್ಯಾಸ್ಕಿನ್ಸ್‌ನ ಮುಜುಗರದ ದನಿ ಈಗ ಅರ್ಥವಾಯಿತು. ಎರಡು ದೇಶದ ಪೌರತ್ವ ಇದ್ದರೆ ಅನುಮತಿ ಕೊಡಬಾರದೆಂದೇನೂ ಇಲ್ಲ ಎಂದು ಮೊದಲ ದಿನವೇ ಅವನು ಹೇಳಿದ್ದ; ಮುಚ್ಚಿಡುವುದಷ್ಟೇ ತಪ್ಪು ಎಂದಿದ್ದ. ಬೀದಿಗೆ ಬೀದಿಯನ್ನೇ ಪಾಠ ಹೇಳಿಕೊಟ್ಟು ನಿಲ್ಲಿಸಿದ ಹೆಂಗಸೆಂದು ಅವನು ಬರೆದರೆ ಅಲ್ಲಿಗೆ ಮುಗಿಯಿತು. ಬೀದಿಯವರ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದಳು, ಬರಲಿಲ್ಲ. ಬಿಲ್ಲೆ ಹಿಡಿದವನು ಬಂದಾಗ ಬಾಯಿಗೆ ಬೀಗ ಹಾಕಬೇಕೆಂದು ಈ ಬೀದಿ ಕಲಿತದ್ದು ಯಾವ ದಿನದಿಂದ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಅವತ್ತು ನಿಜ ಹೇಳಿ ಜುಲ್ಮಿರಾಳ ಮನೆ ಒಡೆದಳು. ಇವತ್ತು ಜುಲ್ಮಿರಾ ಅವಳನ್ನು ಕಾಪಾಡಲು ಸುಳ್ಳು ಹೇಳಿದ್ದಾಳೆ. ಈಗ ಹೋಗಿ, ತಿಯಾ, ದಯವಿಟ್ಟು ನಿಜ ಹೇಳಿ ಎಂದು ಕೇಳುವ ಮುಖ ಯಾರಿಗಾದರೂ ಇದ್ದರೆ ಅದು ಅವಳಿಗಂತೂ ಅಲ್ಲ.

"ಅವರು ಬಂದಾಗ ನೀವು ಹೇಳಿದ್ದು ಸುಳ್ಳು ಅಂತ..." ಎಂದು ತೊದಲಿದಳು.

"ಹೇಳಲ್ಲಪ್ಪ. ಹೇಳಿದ್ರೆ ನನ್ನೇ ಹಿಡ್ಕೊಂಡು ಹೋಗ್ತಾನೆ. ಹಬ್ಬ ಮುಗೀಲಿ, ನೋಡೋಣ." ಜುಲ್ಮಿರಾ ಎಲೆಕೋಸಿನ ಬುಟ್ಟಿಯನ್ನು ಅವಳ ತೊಡೆಯ ಮೇಲಿಟ್ಟಳು.

ಪೊಲೀಸ್ ಆಗಿದ್ದವರು ಹೊತ್ತಿಗೆ ಮುಂಚೆ ಬರುತ್ತಾರೆ. ಮೂರೂ ಮುಕ್ಕಾಲಿಗೇ ಹ್ಯಾಸ್ಕಿನ್ಸ್ ಹೊರಕೋಣೆಯಲ್ಲಿ, ಮಡಚುವ ಕುರ್ಚಿಗಳ ಮೊದಲ ಸಾಲಿನಲ್ಲಿ, ದೀಪದ ಸರಗಳ ಎದುರು, ಮದುವೆಗೆ ಒಂದು ದಿನ ಮುಂಚೆ ಬಂದವನ ಹಾಗೆ ಕೂತಿದ್ದ. ಅವನ ಮುಖದ ಮೇಲೆ ಹಸಿರು ಕೆಂಪು ಬೆಳಕು ಮಿಣುಕುತ್ತಿತ್ತು. ವವೋ ಬಂದು ಕೇಳದೆಯೇ ಅವನ ತೊಡೆಯ ಮೇಲೆ ಸೂಪಿನ ತಟ್ಟೆ ಇಟ್ಟಳು.

"ಕ್ಷಮಿಸಿ ಅಮ್ಮ, ನಾವು ತಗೊಳ್ಳೋ ಹಾಗಿಲ್ಲ."

"ನಾನು ಕೊಟ್ಟಿದ್ದಲ್ಲ. ಪವಿತ್ರಾತ್ಮ ಕೊಟ್ಟಿದ್ದು. ಅವನ ಮೇಲೂ ಕೇಸ್ ಹಾಕ್ತೀರಾ?" ಎಂದು ವವೋ ಕೈ ಕಟ್ಟಿ ನಿಂತಳು. ಲುಸಿಂಡಾ ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಬೇಕಾಯಿತು. ಹ್ಯಾಸ್ಕಿನ್ಸ್ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು, ಪುದೀನದ ವಾಸನೆ ಎಳೆದುಕೊಂಡು, ಪಕ್ಕದ ಕುರ್ಚಿಯ ಮೇಲೆ ನಿಧಾನಕ್ಕೆ ಇಟ್ಟ. ಪಾಪ, ಮಧ್ಯಾಹ್ನ ಊಟ ಮಾಡಿದಂತಿರಲಿಲ್ಲ.

ಪಾಸ್‌ಪೋರ್ಟು ನೋಡಬೇಕೆಂದ. ಲುಸಿಂಡಾ ಕಪಾಟಿನ ಎರಡನೆಯ ಖಾನೆಗೆ ಕೈ ಹಾಕಿದಳು, ಅಲ್ಲಿರಲಿಲ್ಲ. ಮೂರನೆಯದರಲ್ಲಿ ಇರಲಿಲ್ಲ. ಹಾಸಿಗೆಯ ಕೆಳಗೆ, ಹೊಲಿಗೆ ಡಬ್ಬಿಯಲ್ಲಿ, ಎಲ್ಲೂ ಇಲ್ಲ. ಮುಚ್ಚಿಟ್ಟವರೆಲ್ಲ ಹೀಗೇ ಅಲ್ಲವೇ ಹುಡುಕುವ ನಾಟಕ ಆಡುವುದು? ವವೋ ಮಾತ್ರ ಜಪಮಾಲೆಯ ಮಣಿ ಎಣಿಸುತ್ತಾ ಚಾವಣಿ ನೋಡುತ್ತಿದ್ದಳು. ಆ ಸಭ್ಯತೆ ನೋಡಿ ಲುಸಿಂಡಾಗೆ ಅನುಮಾನ ಬಂತು. "ವವೋ!" ಅಂದಳು. ವವೋ ಎದ್ದು, ಶಿಲುಬೆಯ ಗುರುತು ಮಾಡಿ, ಕಿರೀಟದ ದಿಂಬಿನಡಿ ಕೈಯಿಟ್ಟು ಕಡುಗೆಂಪು ಪುಸ್ತಕ ಎಳೆದಳು. "ಕಿತ್ಕೊಂಡು ಹೋಗ್ತಾರೆ ಅಂದ್ಕೊಂಡೆ ಕಣೇ. ಅಲ್ಲಿ ಕೈ ಹಾಕೋ ಧೈರ್ಯ ಯಾರಿಗೂ ಇರಲ್ಲ ಅಂತ ಇಟ್ಟೆ."

"ಈಗ ಯಾರೂ ಕಿತ್ಕೊಳ್ಳಲ್ಲ," ಎಂದ ಹ್ಯಾಸ್ಕಿನ್ಸ್, ಲುಸಿಂಡಾ ಅದನ್ನೂ ಇಂಗ್ಲಿಷಿನಲ್ಲಿ ಹೇಳಿದ ಮೇಲೆ. ತುಟಿಯ ತುದಿ ಅಲುಗಿತ್ತು. "ಹಿಂದೆ ವಾಪಸ್ ಕೊಡಬೇಕಿತ್ತು, ಇಲ್ಲಾಂದ್ರೆ ನಮ್ಮ ಮುಂದೆ ಕತ್ತರಿಸಬೇಕಿತ್ತು. ಈಗ ಇಟ್ಕೋಬಹುದು, ಹೇಳ್ಬೇಕು ಅಷ್ಟೇ." ಪುಟ ತಿರುವಿ ನಂಬರು, ಕೊಟ್ಟ ತಾರೀಖು ಬರೆದುಕೊಂಡ. ಆಮೇಲೆ ಪೆನ್ನಿನ ಹಿಂಬದಿಯಿಂದ ಹಣೆ ಕೆರೆದುಕೊಂಡ. "ಮಿಸ್ ಫುರ್ಟಾಡೊ, ನಾಳೆ ಈ ಎರಡು ದೇಶದ ಹಿತ ಒಂದಕ್ಕೊಂದು ಎದುರಾಯ್ತು ಅನ್ಕೊಳ್ಳಿ. ನೀವು ಯಾವ ಕಡೆ?"

ಈ ಪ್ರಶ್ನೆಗೆ ಅವಳು ಹನ್ನೊಂದು ತಿಂಗಳಿಂದ ಉತ್ತರ ಬಾಯಿಪಾಠ ಮಾಡಿದ್ದಳು. ಗಂಭೀರವಾದ ನಾಲ್ಕು ವಾಕ್ಯಗಳು. ಒಂದೂ ನೆನಪಾಗಲಿಲ್ಲ. "ಈ ಕಡೆ," ಅಂದಳು. ಎಷ್ಟು ಸಲೀಸಾಗಿ ಬಂತೆಂದರೆ ಅವಳೇ ಬೆರಗಾದಳು. ಇಲ್ಲಿ ಹುಟ್ಟಿದ್ದು, ಇಲ್ಲಿ ಮೆಟ್ಟಿಲು ಹತ್ತಿ ಇಳಿದಿದ್ದು, ತಂತಿ ಬೆಸೆಯಲು ಕಲಿತಿದ್ದು, ಆ ಸಮುದ್ರದ ಕೆಳಗೆ ಹೋಗುವ ಹುಡುಗರು ಇದೇ ಊರವರು. "ಆದ್ರೆ ಒಂದು. ಅಲ್ಲಿ ಆ ಚಿಕ್ಕ ಸಾಲಲ್ಲಿ ನಿಂತಾಗ ನನಗೆ ತುಂಬಾ ಖುಷಿ ಆಯ್ತು. ಅದನ್ನ ನಾನು ಬರ್ದಿಲ್ಲ."

"ಖುಷಿಗೆ ಕಾಲಂ ಇಲ್ಲ," ಎಂದ ಹ್ಯಾಸ್ಕಿನ್ಸ್. "ನನ್ನ ಹೆಂಡತಿ ಕಡೆಯೋರು ಐರ್ಲೆಂಡಿನೋರು. ಅಲ್ಲಿ ಇಳಿದಾಗ ವಿಮಾನದ ಮೆಟ್ಟಿಲ ಮೇಲೇ ಅತ್ಲು." ಪುಟ ಮಗುಚಿದ. "ಕೊನೇದು. ನಿಮ್ಮ ಬದುಕಲ್ಲಿ ಯಾರಿಗಾದ್ರೂ ತಿಳಿದ್ರೆ ಅದನ್ನೇ ಇಟ್ಕೊಂಡು ನಿಮ್ಮನ್ನ ಹೆದರಿಸಬಹುದು ಅನ್ನೋ ಅಂಥದ್ದು ಏನಾದ್ರೂ ಇದ್ಯಾ? ಮನೆಯೋರಿಗೆ, ನೆರೆಯೋರಿಗೆ ಗೊತ್ತಾಗಬಾರದು ಅಂತ ಮುಚ್ಚಿಟ್ಟಿದ್ದು?"

ಹೋದ ಸಲ ಇದೇ ಪ್ರಶ್ನೆಗೆ ಅವಳು ಇಲ್ಲ ಎಂದಿದ್ದಳು. ಬೆಳಿಗ್ಗೆಯಿಂದ ಹುಡುಕುತ್ತಿದ್ದ ಸುಳ್ಳು ಇದೇ ಎಂದು ಈಗ ಥಟ್ಟನೆ ಹೊಳೆಯಿತು. ಜುಲೈ ಅಲ್ಲ, ಕೂಸು ಅಲ್ಲ. ವವೋಗೆ ಇಂಗ್ಲಿಷ್ ಅಷ್ಟಾಗಿ ತಿಳಿಯುವುದಿಲ್ಲ, ಆದರೂ ಲುಸಿಂಡಾ ದನಿ ತಗ್ಗಿಸಿ ಎಲ್ಲವನ್ನೂ ಹೇಳಿದಳು. ಬೂದು ಕೋಟು, ಲಾಡಿ, ಹಿತ್ತಲು, ಹುರಿಯ ಉಂಡೆ. ಹೇಳುತ್ತಾ ಹೇಳುತ್ತಾ ಮೂಗು ಸೋರಿತು. "ಯಾರಾದ್ರೂ ಬಂದು, ಇದನ್ನ ಜುಲ್ಮಿರಾಗೆ ಹೇಳ್ತೀನಿ ಅಂತ ಹೆದರಿಸಿದ್ರೆ ನಾನು ಏನು ಮಾಡ್ತಿದ್ನೋ ಗೊತ್ತಿಲ್ಲ ಸರ್. ಹೋದ ಸಲ ಸುಳ್ಳು ಹೇಳ್ದೆ."

ಹ್ಯಾಸ್ಕಿನ್ಸ್ ಜೇಬಿನಿಂದ ಕರವಸ್ತ್ರ ತೆಗೆದು ಅವಳ ಕೈಗಿಟ್ಟ. ಅಷ್ಟರಲ್ಲಿ ಬಾಗಿಲು ದೂಡಿಕೊಂಡು, ಸಿಹಿ ಬ್ರೆಡ್ಡಿನ ತಟ್ಟೆ ಹೊತ್ತು ಜುಲ್ಮಿರಾ ಬಂದಳು. ಅವನನ್ನು ನೋಡಿ ಹಿಂದಕ್ಕೆ ಹೆಜ್ಜೆ ಇಟ್ಟಳು.

"ನಿಮ್ಮ ಹತ್ರಾನೂ ಎರಡು ಮಾತು ಆಡಬೇಕಿತ್ತಮ್ಮ. ಒಬ್ಬರೇ ಇದ್ದಾಗ," ಎಂದ ಹ್ಯಾಸ್ಕಿನ್ಸ್.

"ಹೊರಗೆ ಮೆಟ್ಟಿಲ ಮೇಲೆ ಮಾತಾಡೋಣ ಬನ್ನಿ," ಎಂದಳು ಜುಲ್ಮಿರಾ ತಟಕ್ಕನೆ.

ವವೋ ಅಡ್ಡ ನಿಂತಳು. "ಯಾಕೆ, ಇಲ್ಲಿ ಕುರ್ಚಿ ಇಲ್ವಾ? ಕೂತ್ಕೊಳೇ. ನಾವು ಒಳಗೆ ಹೋಗ್ತೀವಿ." ಅವಳಿಗೆ ಇಂಗ್ಲಿಷ್ ಎಷ್ಟು ತಿಳಿಯುತ್ತದೆ ಎಂಬ ಬಗ್ಗೆ ಲುಸಿಂಡಾಗೆ ಆ ಕ್ಷಣ ಮೊದಲ ಬಾರಿ ಸಂಶಯ ಬಂತು. ಈ ಬೀದಿಯಲ್ಲಿ ಕಿರೀಟದ ಮುಂದೆ ಯಾರೂ ಸುಳ್ಳು ಹೇಳುವುದಿಲ್ಲ. ಹೇಳಲೇಬೇಕಾದವರು ಎದ್ದು ಮೆಟ್ಟಿಲಿಗೆ ಹೋಗುತ್ತಾರೆ. ಜುಲ್ಮಿರಾ ಕಿರೀಟವನ್ನು ನೋಡಿದಳು, ಅದರ ತುದಿಯ ಬೆಳ್ಳಿಯ ಪಾರಿವಾಳವನ್ನು ನೋಡಿದಳು, ವವೋಳನ್ನು ಸುಟ್ಟುಬಿಡುವ ಹಾಗೆ ನೋಡಿದಳು, ಕೂತಳು.

ಲುಸಿಂಡಾ ಅಡುಗೆಮನೆಯಲ್ಲಿ ಸೌಟು ಹಿಡಿದು ನಿಂತಳು. ಕದ ಮುಚ್ಚಿತ್ತು, ಆದರೆ ಜುಲ್ಮಿರಾಳ ದನಿಗೆ ಕದ ಯಾವ ಲೆಕ್ಕ? ಹ್ಯಾಸ್ಕಿನ್ಸ್‌ನ ಗೊಣಗು ಅಸ್ಪಷ್ಟ; ಅವಳ ಉತ್ತರಗಳು ಮಾತ್ರ ಒಂದೊಂದೂ ಸ್ಪಷ್ಟ. "ಇದೆ, ಪಾಸ್‌ಪೋರ್ಟ್ ಇದೆ... ಹೋಗಿದ್ಲು, ನನ್ನ ಗಂಡನ ಮನೇಲೇ ಒಂದು ವಾರ ಉಂಡಿದಾಳೆ... ಭಾಷೆನಾ? ನನಗಿಂತ ಚೆನ್ನಾಗಿ ಬರತ್ತೆ... ಸಾರ್ಡೀನು ಒಂದೇ ಸಲಕ್ಕೆ ಹನ್ನೆರಡು ತಿಂತಾಳೆ... ಇಲ್ಲ ಸ್ವಾಮೀ, ಅವಳು ಹೇಳ್ಕೊಟ್ಟಿಲ್ಲ! ನಾನೇ ಎಲ್ರಿಗೂ ಹೇಳ್ಕೊಟ್ಟೆ. ಅವಳಿಗೆ ಗೊತ್ತಾಗಿದ್ದೇ ಇವತ್ತು, ಗೊತ್ತಾದ ತಕ್ಷಣ ಮೂರ್ಛೆ ಬೀಳೋ ಹಾಗೆ ಕೂತ್ಬಿಟ್ಲು." ಮತ್ತೆ ಗೊಣಗು.

"ಅವಳನ್ನ ನಂಬಬಹುದಾ ಅಂತ ನನ್ನನ್ನ ಕೇಳ್ತೀರಾ?" ಎಂದಳು ಜುಲ್ಮಿರಾ. ದನಿ ಬೇರೆಯಾಗಿತ್ತು. "ಬರ್ಕೊಳ್ಳಿ. ಆರು ವರ್ಷದ ಮಗು. ನಿಮ್ಮಂಥೋರೇ ಒಬ್ರು ಬಂದು ನನ್ನ ಗಂಡ ಎಲ್ಲಿ ಅಂತ ಕೇಳಿದ್ರು. ಈ ಮಗು ಕೈ ಹಿಡಿದು ಕರ್ಕೊಂಡ್ಹೋಗಿ ತೋರಿಸ್ತು. ನನ್ನ ಗಂಡ ಮೊದಲನೇ ಫೋನಲ್ಲೇ ಹೇಳಿದ್ದ. ನಗ್ತಿದ್ದ ಅವನು, ನಮ್ಮ ಲುಸಿಂಡಾ ವಕೀಲರ ಥರ ಮಾತಾಡಿದ್ಲು ಕಣೇ ಅಂತ. ನಾನು ನಗ್ಲಿಲ್ಲ. ಒಂದು ವರ್ಷ ಆ ಮಗು ಮುಖ ಕಂಡ್ರೆ ಉರೀತಿತ್ತು ನನಗೆ. ಆಮೇಲೆ ಹೋಯ್ತು. ಅವಳ ನಿಜಕ್ಕೆ ನಾನು ಏನು ಬೆಲೆ ತೆತ್ತಿದೀನಿ ಅಂತ ನನಗೆ ಗೊತ್ತು. ಅವಳು ಸುಳ್ಳು ಹೇಳ್ತಾಳಾ ಅಂತ ಕೇಳೋಕೆ ಈ ಊರಲ್ಲಿ ನನಗಿಂತ ಒಳ್ಳೇ ಸಾಕ್ಷಿ ನಿಮಗೆ ಸಿಗಲ್ಲ."

ಹ್ಯಾಸ್ಕಿನ್ಸ್ ಈ ಸಲ ಗಟ್ಟಿಯಾಗಿ ಕೇಳಿದ. ಬೇಕೆಂದೇ ಇರಬಹುದು. "ನಿಮಗೆ ಗೊತ್ತಿದೆ ಅಂತ ಅವರಿಗೆ ಯಾಕಮ್ಮ ಹೇಳ್ಲಿಲ್ಲ? ಮೂವತ್ತೊಂದು ವರ್ಷ?"

"ಹೇಳಿದ್ರೆ ಅವತ್ತಿಂದ ಸುಳ್ಳು ಹೇಳೋದು ಕಲ್ತುಬಿಡ್ತಿದ್ಲಲ್ಲ," ಎಂದಳು ಜುಲ್ಮಿರಾ.

ಲುಸಿಂಡಾ ಅತ್ತಳು. ನಾಚಿಕೆ ಬಿಟ್ಟು, ಹಂಡೆಯ ಹಬೆಯಲ್ಲಿ ಮುಖವಿಟ್ಟು, ಚಿಕ್ಕ ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು. ಎದೆಯ ಮೇಲೆ ಕೂತಿದ್ದುದು ಎದ್ದು ಹೋದ ಜಾಗ ಎಷ್ಟು ಖಾಲಿಯಾಗಿತ್ತೆಂದರೆ, ಅಳುವಿನ ನಡುವೆಯೇ ನಗು ನುಗ್ಗಿ ಬಂತು. ಹೊರಗೆ ಮೆಟ್ಟಿಲ ಮೇಲೆ ಬೀದಿಯವರ ಕಾಲಸಪ್ಪಳ ಕೇಳತೊಡಗಿತ್ತು. ಅವಳು ಕಣ್ಣೊರೆಸಿಕೊಂಡು ಕದ ತೆರೆದಳು. ಜುಲ್ಮಿರಾ ತಿರುಗಿ ನೋಡಿ, ಅವಳ ಮುಖ ನೋಡಿದ್ದೇ ಎಲ್ಲ ಅರ್ಥವಾಗಿ, ಏನು ಮಾಡಬೇಕೆಂದು ತೋಚದೆ ಮೂಗು ಮೇಲೆತ್ತಿ ಗಾಳಿ ಮೂಸಿದಳು.

"ಏನೋ ಕರಕು ವಾಸನೆ. ಸೂಪು ತಳ ಹತ್ತಿಸ್ಬಿಟ್ಯೇನೇ?"

"ಹೂಂ ತಿಯಾ," ಅಂದಳು ಲುಸಿಂಡಾ. "ನಲವತ್ತು ಜನದ್ದೂ ಹತ್ತಿಸ್ಬಿಟ್ಟೆ."

ಜುಲ್ಮಿರಾ ಹ್ಯಾಸ್ಕಿನ್ಸ್ ಕಡೆ ತಿರುಗಿದಳು. "ನೋಡಿದ್ರಾ? ಇದನ್ನೂ ಬರ್ಕೊಳ್ಳಿ."